ತಪಾಸಣೆಯ ತಿಂಗಳಲ್ಲಿ ಬಾಳಕೃಷ್ಣರಾಯರು

ಪುಣೆಯ ಬಿಬವೇವಾಡಿಯಲ್ಲಿ, ಹಿಂಜವಾಡಿಯ ಕಂಪನಿ ಸಾಹೇಬರಿಗೆ ಶನಿವಾರ, ರವಿವಾರ ಮ್ಯಾನೇಜ್‌ಮೆಂಟ್ ಕಲಿಸುವ ಒಂದು ಸಂಸ್ಥೆಯಿದೆ. ಅಲ್ಲಿ ಗುಣಮಟ್ಟದ ಅಧಿಕಾರಿಯಾಗಿರುವ ಧಾರವಾಡದ ಬಾಳಕೃಷ್ಣರಾಯರು ಹುಲಿಗೆ ಹೆದರುವವರಲ್ಲ, ಏಕೆಂದರೆ ಹುಲಿ ಯಾರ ಮಾನ್ಯತೆಯನ್ನೂ ರದ್ದು ಮಾಡುವುದಿಲ್ಲ. ತಪಾಸಣೆಗೆ ಮಾನ್ಯತಾ ಸಮಿತಿ ಬರುತ್ತದೆಂದರೆ ಮಾತ್ರ ಅವರಿಗೆ ಅನ್ನ ಸೇರದು. ಮಾನ್ಯತೆ ಕಳೆದುಕೊಂಡ ಪಕ್ಕದ ಸಂಸ್ಥೆಯ ಜಾಗದಲ್ಲಿ ಈಗ ಸೋಫಾ ಮಾರುತ್ತಾರೆ. ಅದರ ಮುಂದೆ ರಾಯರು ಕಣ್ಣು ಮುಚ್ಚಿಕೊಂಡೇ ಸ್ಕೂಟರ್ ಓಡಿಸುತ್ತಾರೆಂದು ಪ್ರತೀತಿ. ‘ನಿರ್ಭೀತ ನಾಯಕತ್ವ’ ಎಂಬ ತರಗತಿಯ ಫಲಕವನ್ನು ನೆಟ್ಟಗೆ ಮಾಡುವಾಗಲೂ ಅವರು ಎರಡೆರಡು ಸಲ ಬಾಗಿಲತ್ತ ತಿರುಗಿ ನೋಡುತ್ತಾರೆ. ಗೋಡೆಯ ಹಲ್ಲಿಯೊಂದನ್ನು ಬಿಟ್ಟು ಎಲ್ಲರಿಗೂ ಸಂಸ್ಥೆಯ ಧ್ಯೇಯವಾಕ್ಯವನ್ನು ಬಾಯಿಪಾಠ ಮಾಡಿಸಿದ್ದಾರೆ. “ಭೀಮವ್ವಾ, ಇನ್ನೊಮ್ಮೆ ಹೇಳು. ಅವರು ಯಾರನ್ನ ಕೇಳ್ತಾರೋ ಏನೋ!” ಎಂದು ಚಹಾ ಮಾಡುವಾಕೆಯ ಬೆನ್ನು ಹತ್ತಿದರೆ, “ಸಾಹೇಬ್ರ, ನಿಮ್ಮ ಧ್ಯೇಯ ಹೇಳೂದ್ರಾಗ ಹಾಲು ಉಕ್ಕಿ ಹೋತ್ ನೋಡ್ರಿ,” ಎನ್ನುತ್ತಾಳೆ ಆಕೆ. ಈ ಸಲದ ಸಮಿತಿಯ ಅಧ್ಯಕ್ಷರು ಬೆಳಗಾವಿಯ ಕಡೆಯವರು, ಕನ್ನಡ ಬಲ್ಲವರು. ತುಂಬಿದ ಸಭೆಯಲ್ಲಿ ಅವರು ಧ್ಯೇಯವಾಕ್ಯ ಕೇಳಿದ್ದು ಭೀಮವ್ವನನ್ನೇ. ಆಕೆ ಮೊದಲೆರಡು ಶಬ್ದ ಹೇಳಿ ಮುಂದಿನದನ್ನು ಮರೆತು, ಕೈಯಲ್ಲಿದ್ದ ಚಹಾದ ಟ್ರೇಯನ್ನೇ ಅಧ್ಯಕ್ಷರ ಮುಂದೆ ಹಿಡಿದಳು. ಸಂಸ್ಥೆಯ ನಿರ್ದೇಶಕರು ಆಕೆಯನ್ನು ದುರುಗುಟ್ಟಿ ನೋಡಿ, ಈಕೆ ಹೊಸಬಳು, ನಾಳೆಯಿಂದ ಇರುವುದಿಲ್ಲ ಎಂದುಬಿಟ್ಟರು. ಆಗ ಎದ್ದು ನಿಂತವರು ರಾಯರು: “ಆಕಿ ಹಳಬಳ್ರೀ. ಕಲಿಸಿದಾಂವ ನಾನು, ನನಗ ಕಲಿಸಲಿಕ್ಕೆ ಬರಲಿಲ್ಲ. ಕಡಿಮಿ ಮಾರ್ಕು ನನ್ನ ಹೆಸರಿಗೆ ಬರಕೊಳ್ರಿ.” ಅಷ್ಟು ಹೇಳಿ ಕೂತು ನೀರು ಕುಡಿದರು, ಲೋಟ ಹಲ್ಲಿಗೆ ಬಡಿಯುವ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.