ಹಾರ್ಡ್ ಡಿಸ್ಕಿಗೊಂದು ತೊಟ್ಟಿಲು

ನನ್ನ ಕಿವಿ ಬೇಡದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ, ಬೇಕಾದ್ದನ್ನು ಮಾತ್ರ ಬಿಡುತ್ತದೆ ಎಂಬುದು ನಮ್ಮಾಕೆಯ ಹಳೆಯ ದೂರು. ಅಡಿಗೆಮನೆಯಿಂದ ಅವಳು ಎಷ್ಟು ಸಲ ಕರೆದರೂ ನನಗೆ ಕೇಳಿಸದು. ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕು ಗುಂಯ್ ಎನ್ನುವುದು ಮಾತ್ರ ಹಿತ್ತಲಿನಲ್ಲಿ ನಿಂತರೂ ಕೇಳಿಸುತ್ತದೆ. ಇದು ದೋಷವಲ್ಲ, ಅಭಿರುಚಿ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಅಭಿರುಚಿಯುಳ್ಳವರಿಗೆ ಚಹಾ ಆರಿದ ಮೇಲೇ ಸಿಗುತ್ತದೆ, ಆ ಮಾತು ಬೇರೆ.

ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ಇರುವುದು ಬಸವಕಲ್ಯಾಣದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವ ನಡುವೆ ನನಗೆ ಅಂಟಿಕೊಂಡ ಗೀಳೆಂದರೆ ಹೆಂಗಸರ ಹಾಡುಗಳನ್ನು ರೆಕಾರ್ಡ್ ಮಾಡುವುದು. ಬೀಸುವ ಪದ, ಕುಟ್ಟುವ ಪದ, ಜೋಗುಳ, ಬೀಗರನ್ನು ಬೈಯುವ ಪದ, ಎಲ್ಲವೂ ಆ ಕಂಪ್ಯೂಟರಿನ ಹೊಟ್ಟೆಯಲ್ಲಿವೆ. ಇಲ್ಲದ್ದು ಒಂದೇ: ನಮ್ಮ ಗುರಬಾಯಿ ಅತ್ತಿಯ ಜೋಗುಳ. ಅತ್ತಿ ನನ್ನ ಅಪ್ಪನ ತಂಗಿ, ಬೇಮಳಖೇಡದವಳು. ಅವಳಿಗೆ ಬರುವ ಆ ಉದ್ದನೆಯ ಜೋಗುಳ ಬೇರೆ ಯಾರಿಗೂ ಬರುವುದಿಲ್ಲ. ಜೊತೆಗೆ ಹಾಡುತ್ತಿದ್ದವರೆಲ್ಲ ಹೋಗಿಬಿಟ್ಟಿದ್ದಾರೆ. ಈಚೆಗೆ ಅವಳೂ ಮೊಮ್ಮಕ್ಕಳ ಹೆಸರುಗಳನ್ನು ಕಲಸುಮೇಲೋಗರ ಮಾಡತೊಡಗಿದ್ದಾಳೆ. ಹಾಡು ಯಾವಾಗ ಕೈಬಿಡುತ್ತದೋ ಎಂದು ನನಗೆ ನಿಜವಾಗಿಯೂ ದಿಗಿಲಾಗಿತ್ತು. ಕಣ್ಣಿನ ಆಪರೇಶನ್ನಿಗೆಂದು ಅವಳು ನಮ್ಮಲ್ಲಿಗೆ ಬಂದಾಗ, ಈ ಸಲ ಬಿಡಬಾರದು ಎಂದು ನಿರ್ಧರಿಸಿದೆ.

ಫೋನಿನಲ್ಲಿ ರೆಕಾರ್ಡ್ ಮಾಡಬಹುದಲ್ಲ ಎಂದು ನೀವು ಕೇಳುತ್ತೀರಿ. ಅತ್ತಿ ಫೋನಿನ ಎದುರು ಹಾಡುವುದಿಲ್ಲ. ಫೋನು ಎಂದಮೇಲೆ ಆ ಕಡೆ ಯಾರಾದರೂ ಇದ್ದೇ ಇರಬೇಕೆಂದು ಅವಳ ನಂಬಿಕೆ. ಗುರುತಿಲ್ಲದ ಗಂಡಸಿಗೆ ಜೋಗುಳ ಹಾಡಲು ಅವಳು ಸಿದ್ಧಳಿಲ್ಲ. ಹಾಗಾಗಿ ಕಂಪ್ಯೂಟರಿಗೇ ಮೈಕು ಸಿಕ್ಕಿಸಿ ಒಂದು ನುಡಿ ಹಾಡಿಸಿದೆ. ತಿರುಗಿ ಕೇಳಿಸಿದಾಗ ಅವಳ ದನಿಯ ಹಿಂದೆ ಹಾರ್ಡ್ ಡಿಸ್ಕಿನ ಮೊರೆತ ತುಂಬಿಕೊಂಡಿತ್ತು. ಅತ್ತಿ ಮುಖ ಸಿಂಡರಿಸಿದಳು.

"ಏನೋ ತಮ್ಮಾ, ನಾ ಏನ್ ಹಿಟ್ಟಿನ ಗಿರಣ್ಯಾಗ ಕುಂತು ಹಾಡೀನೇನು? ಈ ಗದ್ದಲದಾಗ ಯಾವ ಕೂಸು ಮಕ್ಕೋತದ?"

ಹಾರ್ಡ್ ಡಿಸ್ಕಿನ ಒಳಗೆ ನಡೆಯುವುದು ಬೀಸುವ ಕಲ್ಲಿನ ವ್ಯವಹಾರವೇ. ದುಂಡಗಿನ ತಟ್ಟೆ ತಿರುಗುತ್ತದೆ, ಅದರ ಮೇಲೆ ಮುಳ್ಳಿನಂಥದೊಂದು ಅತ್ತಿಂದಿತ್ತ ಓಡಾಡುತ್ತದೆ. ಕಲ್ಲಿನ ಸದ್ದಿಗೆ ನಮ್ಮ ಹೆಣ್ಣುಮಕ್ಕಳು ಯಾರೂ ತಕರಾರು ಮಾಡಲಿಲ್ಲ. ಅದನ್ನೇ ಶ್ರುತಿ ಮಾಡಿಕೊಂಡು ಹಾಡಿದರು. ತಟ್ಟೆ ಬಿರುಸಾಗಿ ತಿರುಗಿದರೆ ಸದ್ದೂ ಹೆಚ್ಚು, ಕಾವೂ ಹೆಚ್ಚು. ಆದ್ದರಿಂದ ಈ ಒಂದು ವಸ್ತುವಿನ ಮಟ್ಟಿಗೆ, ಆಲಸಿಯನ್ನು ಹುಡುಕಿ ತರುವವನೇ ಜಾಣ. ಈ ಜ್ಞಾನವನ್ನು ನಾನು ಹೇಳಿದಾಗ ನಮ್ಮಾಕೆ ನನ್ನನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿ, "ನಮ್ಮಪ್ಪನೂ ಹಂಗs ಹುಡುಕಿದ್ದ" ಎಂದಳು.

ಹುಮನಾಬಾದಿನಲ್ಲಿ ಖಾಜಾಭಾಯಿಯ ಕಂಪ್ಯೂಟರ್ ಅಂಗಡಿಯಿದೆ. ಅವನು ಮೊದಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ವಸ್ತುವನ್ನು ಮುಂದಿಟ್ಟ.

"ಮಾಸ್ತರ್ ಸಾಬ್, ಇದರಾಗ ತಿರಗೂದs ಇಲ್ಲ. ಬಿಲ್ಕುಲ್ ಖಾಮೋಶ್. ಗರಮ್ಮೂ ಆಗಂಗಿಲ್ಲ."

"ಹಂಗಾದ್ರ ಜೀವ ಅದನೋ ಇಲ್ಲೋ ಅಂತ ಹ್ಯಾಂಗ ತಿಳೀಬೇಕು?"

"ನೀವು ಸಾಮಾನ ತಗೋಳಾಕ ಬಂದೀರೋ, ನಾಡಿ ಹಿಡೀಲಾಕ ಬಂದೀರೋ?"

ಉಸಿರಾಟವೇ ಇಲ್ಲದ ಡಬ್ಬಿಯಲ್ಲಿ ಅತ್ತಿಯ ಹಾಡು ಇಡಲು ನನಗೆ ಮನಸ್ಸು ಬರಲಿಲ್ಲ. ಸಣ್ಣಗೆ ಉಸಿರಾಡಬೇಕು, ಆದರೆ ಕೇಳಿಸಬಾರದು ಎಂದೆ. ಖಾಜಾಭಾಯಿ ನಿಟ್ಟುಸಿರು ಬಿಟ್ಟು, ಲ್ಯಾಪ್‌ಟಾಪಿನಲ್ಲಿ ಹಾಕುವ ನಿಧಾನದ ಹಾರ್ಡ್ ಡಿಸ್ಕುಗಳನ್ನು ಒಂದೊಂದಾಗಿ ತಂತಿಗೆ ಸಿಕ್ಕಿಸಿ ತಿರುಗಿಸಿದ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಗಾಂಭೀರ್ಯದಿಂದ ನಾನು ಪ್ರತಿಯೊಂದಕ್ಕೂ ಕಿವಿಯಿಟ್ಟೆ. ಆದರೆ ಎದುರಿಗೇ ಹೆದ್ದಾರಿ. ಲಾರಿಯ ಹಾರ್ನು ಕೇಳಿಸಿತು, ಬಸ್ಸಿನ ಕಂಡಕ್ಟರ್ ಕೇಳಿಸಿದ, ಹಾರ್ಡ್ ಡಿಸ್ಕು ಕೇಳಿಸಲಿಲ್ಲ.

"ಜರಾ ಶಟರ್ ಇಳಸ್ರಿ" ಎಂದೆ. ಇಳಿಸಿದ. ಅಲ್ಲಿಂದ ಅನಾಹುತ ಶುರುವಾಯಿತು.

ನಡುಹಗಲಿನಲ್ಲಿ ಖಾಜಾಭಾಯಿ ಅಂಗಡಿ ಮುಚ್ಚಿದ್ದನ್ನು ಕಂಡು, ಯಾರೋ ಹೋಗಿಬಿಟ್ಟಿರಬೇಕೆಂದು ಪಕ್ಕದ ಕಿರಾಣಿಯವರು ಗೌರವಕ್ಕೆ ತಮ್ಮ ಶಟರನ್ನೂ ಇಳಿಸಿದರಂತೆ. ಅವರನ್ನು ನೋಡಿ ಚಪ್ಪಲಿ ಅಂಗಡಿ, ಅದನ್ನು ನೋಡಿ ಬಟ್ಟೆ ಅಂಗಡಿ. ಒಳಗೆ ಕತ್ತಲಲ್ಲಿ ಹಾರ್ಡ್ ಡಿಸ್ಕನ್ನು ಕಿವಿಗೊತ್ತಿಕೊಂಡಿದ್ದ ನನಗೆ ಬರಬರುತ್ತ ಹೊರಗಿನ ಪೇಟೆಯೇ ಶಾಂತವಾಗುತ್ತಿರುವುದು ತಿಳಿದು, ಎಂಥ ಸಭ್ಯ ಊರು ಎಂದು ಹೆಮ್ಮೆಯಾಯಿತು. ಆ ಶಾಂತಿಯಲ್ಲಿ ಒಂದನ್ನು ಆರಿಸಿದೆ. ಶಟರ್ ಎತ್ತಿದಾಗ ಎದುರಿಗೆ ಜನ ಸಾಲಾಗಿ ನಿಂತಿದ್ದರು. ಎರಡೂ ಕೈಯಿಂದ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಬಂದ ನನ್ನನ್ನು ಕಂಡು ಇಬ್ಬರು ಟೋಪಿ ತೆಗೆದರು. ಹೂವಿನವನು ಹಾರ ಎಷ್ಟು ದೊಡ್ಡದು ಕಟ್ಟಲಿ ಎಂದು ಮೆಲ್ಲಗೆ ಕೇಳಿದ. ಗುರುತಿಲ್ಲದ ಹಿರಿಯರೊಬ್ಬರು ಬೆನ್ನು ಸವರಿ, "ಧೈರ್ಯಾ ತಗೋರಿ, ಎಲ್ಲಾರೂ ಹೋಗವರೇ" ಎಂದರು. ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ತಲೆ ತಗ್ಗಿಸಿ ಬಸ್ಸು ಹತ್ತಿದೆ. ಕಂಡಕ್ಟರ್ ಕಿಟಕಿಯ ಸೀಟು ಬಿಡಿಸಿಕೊಟ್ಟ.

ಮನೆಗೆ ತಂದು, ಹಳೆಯದನ್ನು ತೆಗೆದು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸ್ಕ್ರೂ ಬಿಗಿದರೆ ಮತ್ತೆ ಗುಂಯ್! ಹಾರ್ಡ್ ಡಿಸ್ಕು ತಾನು ಕಂಪಿಸುವುದು ಸ್ವಲ್ಪವೇ. ತಗಡಿನ ಡಬ್ಬಿ ಅದನ್ನು ಹಲಗಿಯಂತೆ ಬಾರಿಸಿ ಊರಿಗೆಲ್ಲ ಸಾರುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದೆ. ಈ ವಿಷಯದಲ್ಲಿ ಪಂಡಿತರು ಎರಡು ಪಂಥ. ಮೆತ್ತನೆಯ ಬಟ್ಟೆ ಸುತ್ತಿದರೆ ಸದ್ದು ಅಡಗುತ್ತದೆ ಎಂದು ಒಬ್ಬರು, ಸುತ್ತಿದರೆ ಕಾವು ಏರಿ ಸಾಯುತ್ತದೆ ಎಂದು ಇನ್ನೊಬ್ಬರು. ನಮ್ಮ ಕಡೆಯ ಬೇಸಿಗೆಯಲ್ಲಿ ಎರಡನೆಯ ಪಂಥವೇ ಗೆಲ್ಲಬೇಕು. ನಾರಾಯಣಪುರದ ಹಳೆಯ ಶಿವಾಲಯದೊಳಗೆ ಒಮ್ಮೆ ಕೂತಿದ್ದಾಗ, ಆ ದಪ್ಪ ಕಲ್ಲಿನ ತಂಪು, ಆ ನಿಶ್ಶಬ್ದ ಕಂಡು, ಚಾಲುಕ್ಯರು ಹಾರ್ಡ್ ಡಿಸ್ಕು ಇಡಲೆಂದೇ ಕಟ್ಟಿಸಿ ವಸ್ತು ಸಿಗದೆ ಕೊನೆಗೆ ಲಿಂಗ ಸ್ಥಾಪಿಸಿರಬೇಕು ಅನ್ನಿಸಿತ್ತು. ಈ ಸಂಶೋಧನೆಯನ್ನು ಇನ್ನೂ ಎಲ್ಲಿಯೂ ಮಂಡಿಸಿಲ್ಲ.

ಎರಡೂ ಪಂಥಕ್ಕೆ ಒಪ್ಪುವ ಮಾರ್ಗವೊಂದಿತ್ತು: ಹಾರ್ಡ್ ಡಿಸ್ಕನ್ನು ಎಲ್ಲಿಯೂ ತಾಗದಂತೆ ಎಲಾಸ್ಟಿಕ್ಕಿನಲ್ಲಿ ಗಾಳಿಗೆ ತೂಗುಬಿಡುವುದು. ದರ್ಜಿಯ ಹತ್ತಿರ ಲಂಗದ ಎಲಾಸ್ಟಿಕ್ ತಂದೆ. ಪಡಸಾಲೆಯ ತೊಲೆಗೆ ನಾವೆಲ್ಲ ಕೂಸಾಗಿದ್ದಾಗ ತೂಗಿಸಿಕೊಂಡ ಕಬ್ಬಿಣದ ಕೊಂಡಿ ಇದ್ದೇ ಇತ್ತು. ನಾಲ್ಕು ಮೂಲೆಗೆ ನಾಲ್ಕು ಎಳೆ ಕಟ್ಟಿ, ಮೇಲೆ ಕೂಡಿಸಿ, ಕೊಂಡಿಯಿಂದ ಇಳಿಬಿಟ್ಟು, ಉದ್ದನೆಯ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದೆ. ಸದ್ದು ಸತ್ತೇಹೋಯಿತು. ಮುಟ್ಟಿದರೆ ಮಣ್ಣಿನ ಗಡಿಗೆಯಷ್ಟು ತಂಪು. ಕೆಲಸವಿಲ್ಲದಾಗ ಮಲಗಿಕೊಳ್ಳುವ ಆಯ್ಕೆಯೊಂದು ಅದಕ್ಕಿರುತ್ತದೆ, ಅದನ್ನೂ ತೆಗೆದುಹಾಕಿದೆ. ಅತ್ತಿಯ ಹಾಡು ಮುಗಿಯುವವರೆಗೆ ಅದು ಕಣ್ಣು ಮುಚ್ಚಕೂಡದು.

ಮರುದಿನ ಊಟವಾದ ಮೇಲೆ ಅತ್ತಿಯನ್ನು ಕರೆದು ಕೂಡಿಸಿದೆ. ಕಣ್ಣಿನ ಪಟ್ಟಿ ಬಿಚ್ಚಿದ್ದರು, ಎಲ್ಲವೂ ಅವಳಿಗೆ ಹೊಸದಾಗಿ ಕಾಣುತ್ತಿತ್ತು. ಕೊಂಡಿ ನೋಡಿದಳು, ನಾಲ್ಕು ಎಳೆ ನೋಡಿದಳು.

"ತೊಟ್ಟಲಾ ಕಟ್ಟೀಯಲ್ಲೋ! ಹೆಸರಿಟ್ರ್ಯಾ?"

"ಅತ್ತಿ, ಅದು ಕೂಸಲ್ಲ. ಯಂತ್ರ."

"ಅದು ನನಗೂ ಕಾಣ್ತದ. ಕೂಸಿನ ಮುಂಚೆ ಗುಂಡಕಲ್ಲು ತೊಟ್ಟಲ್ದಾಗ ಹಾಕ್ತೀವಿಲ್ಲೋ, ಅದೇನು ಕೂಸೇನು? ತೊಟ್ಟಲಾ ಕಟ್ಟಿದ ಮ್ಯಾಲ ಹೆಸರಿಡಬೇಕು. ಹೆಸರಿಲ್ಲದ್ದಕ್ಕ ನಾ ಜೋಗುಳಾ ಹಾಡಂಗಿಲ್ಲ."

ನಮ್ಮ ಸೀಮೆಯ ಹೆಸರಿಡುವ ಕಾರ್ಯದಲ್ಲಿ ರುಬ್ಬುವ ಗುಂಡಕಲ್ಲಿಗೆ ಕೂಸಿನ ಟೋಪಿ, ಅಂದರೆ ಕುಲಾಯಿ, ತೊಡಿಸಿ, ಗುಂಡಪ್ಪ ಎಂದು ಕರೆದು, ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುವುದುಂಟು. ಆ ನ್ಯಾಯದ ಮುಂದೆ ನನ್ನ ಡಿಗ್ರಿ ನಡೆಯಲಿಲ್ಲ. ನಮ್ಮಾಕೆ ಆಗಲೇ ಗುಗ್ಗರಿಗೆ ಕಡಲೆ ಬೇಯಿಸಲು ಇಟ್ಟಿದ್ದಳು. ಪಕ್ಕದ ಮನೆಯ ಶಾಂತಾಬಾಯಿ ಕುಂಕುಮದ ಬಟ್ಟಲು ಹಿಡಿದು ಬಂದಳು, ಅವಳ ಹಿಂದೆ ಅವಳ ಸೊಸೆ ಉಣ್ಣೆಯ ಕುಲಾಯಿ ಹಿಡಿದು ಬಂದಳು.

"ಕುಲಾಯಿ ಬ್ಯಾಡವ್ವಾ, ಅದಕ್ಕ ಶಕಿ ಆಗ್ತದ!" ಎಂದು ಅಡ್ಡ ನಿಂತೆ.

"ಕೂಸಿಗಿ ಥಂಡಿ ಹತ್ತಿದ್ರ ನೀವು ನೋಡ್ಕೋತೀರೇನು ಮಾಸ್ತರ್ರ?" ಎಂದಳು ಶಾಂತಾಬಾಯಿ.

ಕೊನೆಗೆ ಕುಲಾಯಿಯನ್ನು ಮಾನಿಟರಿಗೆ ತೊಡಿಸಿ ರಾಜಿಯಾದೆವು. ಹೆಸರನ್ನು ಸೋದರತ್ತೆ ಕಿವಿಯಲ್ಲಿ ಊದಬೇಕು. ಹಾರ್ಡ್ ಡಿಸ್ಕಿಗೆ ಕಿವಿ ಎಲ್ಲಿ? ಅದರ ಬೆನ್ನ ಮೇಲೆ ಗಾಳಿಯಾಡಲು ಸೂಜಿಮೊನೆಯಷ್ಟು ತೂತಿರುತ್ತದೆ, ಮುಚ್ಚಬೇಡಿರೆಂದು ಪಕ್ಕದಲ್ಲಿ ಬರೆದಿರುತ್ತಾರೆ. ಹೊಸ ಕಣ್ಣಿನ ಅತ್ತಿ ಅದನ್ನು ತಾನೇ ಹುಡುಕಿ, ಬಾಯಿಟ್ಟು "ಕುರ್ರ್... ಗುಂಡಪ್ಪಾ" ಎಂದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು, ವಯಸ್ಸು ನೋಡಿ ಮೆಲ್ಲಗೆ. ಹೊಸ ಹಾರ್ಡ್ ಡಿಸ್ಕಿಗೆ ಹೆಸರು ಕೊಡಿ ಎಂದು ಕಂಪ್ಯೂಟರೂ ಹಿಂದಿನ ದಿನದಿಂದ ಕೇಳುತ್ತಲೇ ಇತ್ತು. ನಾನು ಗುಂಡಪ್ಪ ಎಂದು ಟೈಪ್ ಮಾಡಿದೆ. ಶಾಸ್ತ್ರಕ್ಕೂ ವಿಜ್ಞಾನಕ್ಕೂ ಜಗಳ ಉಳಿಯಲಿಲ್ಲ.

ಅತ್ತಿ ತೊಟ್ಟಿಲ ಪಕ್ಕ ಗೋಡೆಗೊರಗಿ ಕೂತು ಹಾಡತೊಡಗಿದಳು. ನಾನು ಕಿವಿಗೆ ಹೆಡ್‌ಫೋನ್ ಏರಿಸಿ ಹಾರ್ಡ್ ಡಿಸ್ಕಿನ ಸದ್ದು ಎಲ್ಲಾದರೂ ನುಸುಳುತ್ತದೆಯೇ ಎಂದು ಕಾಯುತ್ತಿದ್ದೆ. ಇಲ್ಲ! ಒಂದಿಷ್ಟೂ ಇಲ್ಲ! ಆ ಸಂಭ್ರಮದಲ್ಲಿ ಹಾಡು ಎಲ್ಲಿಗೆ ಬಂತೆಂದು ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕಂಪ್ಯೂಟರಿನ ಪರದೆ ಅಲುಗದೆ ಕಲ್ಲಾಯಿತು. ಗುಂಡಿ ಒತ್ತಿದೆ, ತಂತಿ ನೋಡಿದೆ, ಬೆವತೆ. ತಲೆಯೆತ್ತಿದರೆ, ಅತ್ತಿಯ ಕೈ ಎಲಾಸ್ಟಿಕ್ಕಿನ ಮೇಲಿದೆ. ಹಾಡುತ್ತ ಹಾಡುತ್ತ ತೂಗಿದ್ದಾಳೆ! ಆ ಜಾತಿಯ ಹಾರ್ಡ್ ಡಿಸ್ಕಿಗೆ ಅಲುಗಾಟ ತಿಳಿಯುತ್ತದಂತೆ. ಜೋರಾಗಿ ತೂಗಿದರೆ, ಎಲ್ಲಿಂದಲೋ ಬೀಳುತ್ತಿದ್ದೇನೆಂದು ಬಗೆದು ಮುಳ್ಳನ್ನು ಎತ್ತಿ ಬದಿಗಿಟ್ಟು ಸುಮ್ಮನಾಗಿಬಿಡುತ್ತದಂತೆ. ಇದನ್ನು ಖಾಜಾಭಾಯಿ ಆಮೇಲೆ ಫೋನಿನಲ್ಲಿ ಹೇಳಿದ. ಮತ್ತೆ ಬಗ್ಗಿ ಬಹಳ ಹೊತ್ತು ತಡಕಾಡಿ ಕಂಪ್ಯೂಟರನ್ನು ಎಬ್ಬಿಸಿ ನೋಡಿದರೆ, ನನ್ನ ರೆಕಾರ್ಡಿನಲ್ಲಿ ಉಳಿದದ್ದು ಮೊದಲ ನುಡಿ, ಮುಂದೆ ಬರೀ ಮೌನ. ತುಂಬ ಒಳ್ಳೆಯ ಗುಣಮಟ್ಟದ ಮೌನ.

ಹಾಡು ಹೋಯಿತು ಎಂದು ಕೂಗಲು ಬಾಯಿ ತೆರೆದು ಹೆಡ್‌ಫೋನ್ ಕಿತ್ತೆ. ಪಡಸಾಲೆ ತಣ್ಣಗಿತ್ತು. ಹಾಡು ಯಾವಾಗಲೋ ಮುಗಿದಿತ್ತು. ನಮ್ಮಾಕೆ, ಶಾಂತಾಬಾಯಿ, ಅವಳ ಸೊಸೆ, ಅತ್ತಿ, ನಾಲ್ವರೂ ತೊಟ್ಟಿಲ ಕೆಳಗೆ ಸೆರಗು ಹಾಸಿ ನಿದ್ದೆ ಹೋಗಿದ್ದರು. ನಮ್ಮಾಕೆ ಹಗಲು ಮಲಗಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋಗಿ ಚಹಾಕ್ಕಿಟ್ಟೆ. ಸಕ್ಕರೆ ಎಲ್ಲಿದೆ ಎಂದು ಕೇಳುವಂತಿರಲಿಲ್ಲ, ಸಿಗಲೂ ಇಲ್ಲ.

ಎದ್ದವರಿಗೆಲ್ಲ ಸಪ್ಪೆ ಚಹಾ ಕೊಟ್ಟು, ಇನ್ನೊಮ್ಮೆ ಹಾಡು ಎಂದು ಅತ್ತಿಯ ಕಾಲು ಹಿಡಿದೆ.

"ಮಕ್ಕೊಂಡ ಕೂಸಿನ್ನ ಎಬ್ಬಿಸಿ ಮತ್ತ ಜೋಗುಳಾ ಹಾಡ್ತಾರೇನೋ?" ಎಂದು ಗದರಿದಳು.

"ಪೂರಾ ಕೇಳಲೇ ಇಲ್ಲಲ್ಲ ಅತ್ತಿ ಅದು!"

"ಯಾವ ಕೂಸು ಪೂರಾ ಕೇಳ್ಯಾದ ತಮ್ಮಾ? ಪೂರಾ ಕೇಳಿದ್ರ ಅದು ಜೋಗುಳಾ ಹ್ಯಾಂಗ ಆಯ್ತು? ಕಡೀ ನುಡಿ ಕೂಸಿಗಿ ಅಲ್ಲವs ಅಲ್ಲ."

ಮತ್ತೆ ಯಾರಿಗೆ ಎಂದರೆ ಹೇಳದೆ ಚಹಾ ಕುಡಿದು, ಸಕ್ಕರೆಯ ಬಗ್ಗೆ ಎರಡು ಮಾತು ಅಂದಳು. ಎರಡು ದಿನ ಬಿಟ್ಟು ಚಿಟಗುಪ್ಪದ ಮೇಲಿನ ಬಸ್ಸಿಗೆ ಊರಿಗೆ ಹೋದಳು. ನನಗೆ ದುಃಖವೇ ಆಯಿತು. ನಿಶ್ಶಬ್ದವನ್ನು ಅಷ್ಟು ಜೋಪಾನ ಮಾಡಿ, ಅದರೊಳಗೆ ಇಡಬೇಕಾದ್ದನ್ನೇ ಕಳೆದುಕೊಂಡೆನಲ್ಲ ಎಂದು ಊಟ ಸೇರಲಿಲ್ಲ.

"ಯಾಕ ಮಾರಿ ಸಣ್ಣದು ಮಾಡೀರಿ?" ಎಂದಳು ನಮ್ಮಾಕೆ ಒಂದು ಮಧ್ಯಾಹ್ನ. "ಹಾಡು ಎಲ್ಲಿ ಹೋಗ್ಯಾದ? ನನಗ ಬರ್ತದ, ಶಾಂತಕ್ಕಗ ಬರ್ತದ, ಆಕಿ ಸೊಸಿಗೂ ಬರ್ತದ. ನಾವು ಕೇಳಾಕತ್ತಿದ್ದೆವಲ್ಲ. ಆಪರೇಶನ್ ಆದಾಗಿಂದ ದಿನಾ ಭಾಂಡಿ ತಿಕ್ಕುವಾಗ ಹೇಳಿಕೊಟ್ಟಾಳ ಅತ್ತಿ."

ಅಡಿಗೆಮನೆಯಲ್ಲಿ ದಿನವೂ ನಡೆದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಹಾಗಾದರೆ ಕಡೆಯ ನುಡಿ ಹೇಳು ಎಂದೆ. ಅವಳು ಚಾಪೆ ಹಾಸಿದಳು. ಕಣ್ಣು ಮುಚ್ಚಿ, ತನಗೆ ತಾನೇ ಎಂಬಂತೆ ಹಾಡಿದಳು:

ಕೂಸು ಮಲಗ್ಯಾದ ತಾಯಿ, ನೀನೂ ಮಲಗವ್ವ,
ಬಂದ ಕೆಲಸ ಬಾಗಿಲಾಗ ನಿಂದು ಕಾಯಲಿ, ತೂಗಿದ
ಕೈಗೀಟು ನಿದ್ದಿ ಬರಲವ್ವ.

ಅಷ್ಟು ಹಾಡಿ ಮಗ್ಗುಲಾದಳು. ಈ ನುಡಿ ಹಾಡಿದ ಮೇಲೆ ಏಳಬಾರದಂತೆ, ಅದು ಪದ್ಧತಿಯಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಈ ಪದ್ಧತಿ, ಶಾಲೆಗೆ ರಜೆಯಿದ್ದ ದಿನವೆಲ್ಲ, ತಪ್ಪದೆ ನಡೆಯುತ್ತಿದೆ. ರೆಕಾರ್ಡ್ ಮಾಡಲು ಒಮ್ಮೆ ಮೈಕು ಎತ್ತಿಕೊಂಡವನು, ಅವಳ ಮುಖ ನೋಡಿ ಕೆಳಗಿಟ್ಟೆ. ಈಗ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ನನಗೆ ಗೊತ್ತು. ಹಿತ್ತಾಳೆಯದು. ಮುಚ್ಚಳ ತೆಗೆದರೆ ಇಡೀ ಓಣಿ ಏಳುವಷ್ಟು ಸದ್ದು ಮಾಡುತ್ತದೆ. ಅದನ್ನು ಉಸಿರು ಬಿಗಿಹಿಡಿದು, ಎರಡೂ ಕೈಯಿಂದ, ಕೂದಲೆಳೆಯಷ್ಟೇ ತಿರುಗಿಸುತ್ತ ತೆಗೆಯುವುದನ್ನು ಕಲಿಯುತ್ತಿದ್ದೇನೆ.