ಹೆಜ್ಜೆ ಓದುವ ಜಹಾಂಗೀರಸಾಬ

ಕಾಲೇಜು ಮುಗಿಸಿ ಇಳಕಲ್ ದಾರಿಯಲ್ಲಿರುವ ಅಕ್ಕನ ಊರಿಗೆ ಬಂದು ಚಕ್ಕಡಿ ಇಳಿದಾಗ, ಜಹಾಂಗೀರಸಾಬ ನನ್ನ ಮುಖ ನೋಡಲಿಲ್ಲ. ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ನನ್ನ ಹೆಜ್ಜೆಯನ್ನು ಗೇಣಿನಿಂದ ಅಳೆದ. "ಬಲಗಾಲ ಎಳೀತೀರಿ. ನೀವಲ್ಲ, ಹೋಗ್ರಿ" ಎಂದ. ಆ ದಾರಿಯಲ್ಲಿ ಐದು ಜನರ ಕುತ್ತಿಗೆ ಹಿಸುಕಿದವನನ್ನು ಹುಡುಕಲು ಫೌಜದಾರರು ನಂಬಿದ್ದು, ಹೆಜ್ಜೆ ಗುರುತಿಸುವ ಇವನನ್ನೇ. ಜನ ಹಗಲಲ್ಲೂ ಒಬ್ಬೊಬ್ಬರೇ ಹೊಲಕ್ಕೆ ಹೋಗುತ್ತಿರಲಿಲ್ಲ. ಇವನೋ ನಸುಕಿನಲ್ಲೇ ಓಣಿ ಸುತ್ತಿ, ಗುರುತು ಅಳಿಸೀತೆಂದು ಕಸಬರಿಗೆ ಹಿಡಿದವರನ್ನೆಲ್ಲ ತಡೆಯುತ್ತಿದ್ದ. "ಅಂಗಳ ಕಸಾ ಹೊಡೀಲಿಲ್ಲಂದ್ರ ಲಕ್ಷ್ಮಿ ನಿಲ್ತಾಳೇನೋ ಸಾಬಾ?" ಎಂದು ಶಿವಲಿಂಗವ್ವ ಜಬರಿಸಿದರೆ, "ಅವ ಬಂದ್ರ ನೀನೂ ನಿಲ್ಲಂಗಿಲ್ಲಬೇ ಯವ್ವಾ" ಎನ್ನುತ್ತಿದ್ದ. ಆಡಿನ ಗೊರಸು ನೋಡಿ ಅದರ ಒಡೆಯನ ಹೆಸರು ಹೇಳುತ್ತಾನೆಂದು ಊರು ಹೊಗಳುತ್ತಿತ್ತು. ಐದನೆಯ ಹೆಣದ ಬಳಿ ಮೂಡಿದ್ದ ಕಾಲ್ಮರಿಯ, ಅಂದರೆ ಚಪ್ಪಲಿಯ, ಗುರುತಿನಿಂದ ಅವನು ಊರಿನ ರೈತ ಹೊಳಬಸಪ್ಪನನ್ನು ತೋರಿಸಿದ. ಕಾಲ್ಮರಿ ಹೊಳಬಸಪ್ಪನದೇ ನಿಜ. ಆದರೆ ಅವನು ಅದನ್ನು ಹೊರಗೆ ಬಿಟ್ಟು ಮಠದಲ್ಲಿ ಪುರಾಣ ಕೇಳಲು ಕೂತಾಗ, ಅಲ್ಲಿ ತಂಗಿದ್ದ ಪರವೂರಿನವನೊಬ್ಬ ಮೆಟ್ಟಿಕೊಂಡು ಹೋಗಿ ಮರಳಿ ತಂದಿಡುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಹೊಳಬಸಪ್ಪ ಚಾವಡಿಯಲ್ಲಿ ಬಂದಿಯಾಗಿದ್ದಾಗಲೇ ಆರನೆಯ ಕೊಲೆಯಾಯಿತು. ಈ ಸಲ ಬರಿಗಾಲ ಗುರುತು. ಅದರ ಬೆನ್ನು ಹತ್ತಿದ ಜಹಾಂಗೀರಸಾಬ ಆ ಪರವೂರಿನ ಕೊಲೆಗಾರನನ್ನು ಇಳಕಲ್ಲಿನ ಪಾಳುಮನೆಯೊಂದರಲ್ಲಿ, ನೇಕಾರರು ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಅಡಗಿದ್ದಾಗ ಹಿಡಿಸಿಕೊಟ್ಟ. ಫೌಜದಾರರು ಸನ್ಮಾನಕ್ಕೆಂದು ತಲೆಗೆ ರುಮಾಲು ಸುತ್ತಲು ಬಂದರೆ, "ಬ್ಯಾಡ್ರಿ ಸಾಹೇಬ್ರ, ನಾ ಕಾಲ್ಮರಿ ನೋಡಿದೆ, ಮನಿಶ್ಯಾನ್ನ ನೋಡ್ಲಿಲ್ಲ" ಎಂದು ತಲೆ ತಪ್ಪಿಸಿದ. ಅಷ್ಟರಲ್ಲಾಗಲೇ, ಕೊಲೆಗಾರನೆಂದು ಊರವರು ಬಡಿದ ಬಡಿತಕ್ಕೆ ಹೊಳಬಸಪ್ಪನ ಮೊಣಕಾಲು ಮುರಿದಿತ್ತು. ಈಗ ಜಹಾಂಗೀರಸಾಬ ಹೊಳಬಸಪ್ಪನ ಹೊಲ ಉಳುತ್ತಾನೆ.