ಇಪ್ಪತ್ತೊಂದನೇ ನಂಬರಿನ ಗಂಟೆ

ದೆವ್ವ, ಭೂತ ಅಂದರೆ ನಗುವ ಪೈಕಿ ನಾನು. ಈಗಲೂ ನಗುತ್ತೇನೆ. ಆದರೆ ಬನಹಟ್ಟಿಯ ಸೀರೆ ವ್ಯಾಪಾರಿ ಚನಬಸಪ್ಪನ ಆಫೀಸಿನಲ್ಲಿ ಒಂದು ಮಧ್ಯಾಹ್ನ ನಡೆದದ್ದು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಕಂಡಷ್ಟನ್ನೇ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಜಮಖಂಡಿಯಲ್ಲಿದ್ದುಕೊಂಡು ಸುತ್ತಲಿನ ಆಫೀಸುಗಳಿಗೆ ಇಂಟರ್‌ಕಾಮ್ ಯಂತ್ರ ಕೂಡಿಸುತ್ತಿದ್ದೆ. ಹೊರಗಿನ ಕರೆ ಒಳಗಿನ ಯಾವ ಫೋನಿನಲ್ಲಿ ಗಂಟೆ ಬಾರಿಸಬೇಕೆಂದು ಆ ಯಂತ್ರಕ್ಕೆ ಹೇಳಿಡಬೇಕು. ಚನಬಸಪ್ಪನ ತಂದೆ ಅದನ್ನು ತಮ್ಮ ಗಾದಿಯ ಪಕ್ಕದ ಫೋನಿಗೆ, ಇಪ್ಪತ್ತೊಂದನೇ ನಂಬರಿಗೆ ಇಡಿಸಿದ್ದರು. ಯಾರದೇ ಕರೆಯಿರಲಿ, ಮೊದಲು ತಾವು ಎತ್ತಬೇಕು, ಆಮೇಲೆ ಮುಂದಿನ ಮೇಜಿನಲ್ಲಿದ್ದ ಮಗನಿಗೆ ಕೊಡಬೇಕು. ಭಾರೀ ಗತ್ತಿನ ಮನುಷ್ಯ.

ಅವರು ತೀರಿಕೊಂಡ ಮೇಲೆ ಆ ಗಾದಿಯ ಮೇಲೆ ಯಾರೂ ಕೂರಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆ ಹೂವು ಏರಿಸುತ್ತಿದ್ದರು. ಹಿರಿಯರ ಫೋನನ್ನು ಬೇರೆಯವರು ಎತ್ತಬಾರದೆಂದು ಅದರ ವೈರನ್ನೂ ಯಂತ್ರದಿಂದ ಕಿತ್ತರು. ಇನ್ನು ಕರೆಗಳೆಲ್ಲ ತಾವಾಗಿಯೇ ಮುಂದಿನ ಮೇಜಿಗೆ ಬರುತ್ತವೆ ಅಂದುಕೊಂಡರು. ಯಂತ್ರಕ್ಕೇನು ಗೊತ್ತು! ಅದು ಎಲ್ಲ ಕರೆಗಳನ್ನೂ ಇಪ್ಪತ್ತೊಂದಕ್ಕೇ ಕಳಿಸುತ್ತಿತ್ತು. ಕರೆ ಮಾಡಿದವರಿಗೆ ಗಂಟೆ ಕೇಳುತ್ತಿತ್ತು, ಇಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ರಿಪೇರಿಗೆಂದು ನಾನು ಹೋದಾಗ ಚನಬಸಪ್ಪನ ಮುಖದಲ್ಲಿ ಕಳೆಯೇ ಇರಲಿಲ್ಲ.

"ಹೆಂಡ್ತಿ ಹೆರಿಗಿಗೆ ಮಿರಜದ ದವಾಖಾನ್ಯಾಗ ಅದಾಳ್ರಿ. ರಕ್ತ ಬೇಕಾದ್ರ ನಂದ ಹೊಂದತೈತಿ. ಆಕಿ ಅಣ್ಣ ಫೋನ್ ಮಾಡ್ತೇನಂದಾನ. ಇಲ್ಲಿಂದ ಲೈನ್ ಸಿಗವಲ್ದು. ಲಗೂ ನೋಡ್ರಿ."

ದೋಷ ತಿಳಿದಿತ್ತು. ಮುಂದಿನ ಮೇಜಿನ ಫೋನಿಗೆ ಬದಲಿಸಿ, ಎದುರಿನ ಅಂಗಡಿಯಿಂದ ಕರೆ ಮಾಡಿಸಿದೆ. ಮೇಜಿನ ಫೋನು ಸುಮ್ಮನಿತ್ತು. ಯಂತ್ರದಲ್ಲಿ ಇಪ್ಪತ್ತೊಂದರ ದೀಪ ಮಿನುಗಿತು. ಮತ್ತೆ ಬದಲಿಸಿದೆ, ಮತ್ತೆ ಅದೇ. ನನಗೆ ಸಿಟ್ಟು ಬಂತು. ಕೊನೆಗೆ, ಗಾದಿಯ ಫೋನಿನ ವೈರನ್ನೇ ಮತ್ತೆ ಜೋಡಿಸಲೇ ಎಂದು ಕೇಳಿದೆ. ಚನಬಸಪ್ಪ ಬಾಗಿಲಲ್ಲಿ ಕೂತಿದ್ದ ತಾಯಿಯ ಮುಖ ನೋಡಿದ.

"ಹಾಕ್ರಿ," ಅಂದರು ಆಕೆ. "ಸೊಸಿ ಜೀವಕ್ಕಿಂತ ಅವರ ಗತ್ತು ದೊಡ್ಡದೇನ?"

ವೈರಿನ ತುದಿ ಕೈಯಲ್ಲಿ ಹಿಡಿದಿದ್ದೆ, ಇನ್ನೂ ಸಿಕ್ಕಿಸಿರಲಿಲ್ಲ. ಇಪ್ಪತ್ತೊಂದರ ದೀಪ ಮಿನುಗತೊಡಗಿತು. ಆಮೇಲೆ ಮಿನುಗುವುದು ನಿಂತು, ಒಂದೇ ಸಮನೆ ಉರಿಯಿತು. ಯಾರಾದರೂ ಫೋನ್ ಎತ್ತಿದರೆ ಮಾತ್ರ ಹಾಗೆ ಉರಿಯುತ್ತದೆ. ಗಾದಿ ನನ್ನ ಕಣ್ಣೆದುರೇ ಇತ್ತು. ಅಲ್ಲಿ ಬೆಳಗಿನ ಹೂವಿನ ಹೊರತು ಏನೂ ಇರಲಿಲ್ಲ.

ಮುಂದಿನ ಮೇಜಿನ ಫೋನು ಬಾರಿಸಿತು. ಚನಬಸಪ್ಪ ಎತ್ತಿದವನೇ, "ಬಂದೆ, ಈಗ ಬಂದ್‌ಬಿಟ್ಟೆ!" ಎಂದು ಕೂಗಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಜೀಪಿಗೆ ಓಡಿದ. ಹೊತ್ತಿಗೆ ಸರಿಯಾಗಿ ಮುಟ್ಟಿದನಂತೆ. ತಾಯಿ, ಮಗು ಇಬ್ಬರೂ ಉಳಿದರು.

ನಾನು ವೈರ್ ಹಿಡಿದು ಅಲ್ಲೇ ನಿಂತಿದ್ದೆ. ಬಾಗಿಲಲ್ಲಿದ್ದ ಅಜ್ಜಿ, ಚನಬಸಪ್ಪನ ತಾಯಿ, ನಿಧಾನವಾಗಿ ಕೇಳಿದರು:

"ಹೊರಗಿನ ಫೋನ್ ಬಂದ್ರ ಎರಡೆರಡು ಸಲ ಬಾರಿಸ್ತೈತಿ. ಒಳಗಿಂದ ಅವರು ಕೊಟ್ರ ಒಂದೊಂದ ಸಲ. ಈಗ ಒಂದೊಂದ ಸಲ ಬಾರಿಸ್ತಲ್ರಿ?"

ಖರೆ. ನನಗೂ ಕೇಳಿತ್ತು.

"ಯಂತ್ರದ ದೋಷ ಇರಬೇಕ್ರಿ, ಅವ್ವಾರ," ಅಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕರು. "ಹಂಗಾರ ಆ ದೋಷ ರಿಪೇರಿ ಮಾಡಬ್ಯಾಡ್ರಿ."

ಆದರೂ ನನ್ನ ಕೆಲಸ ಮುಗಿಸಬೇಕಲ್ಲ. ಇನ್ನೊಮ್ಮೆ ಬದಲಿಸಿದೆ. ಈ ಸಲ ಯಂತ್ರ ಒಂದೇ ಏಟಿಗೆ ಒಪ್ಪಿಕೊಂಡಿತು. ಎದುರಿನ ಅಂಗಡಿಯ ಕರೆ ನೇರವಾಗಿ ಮುಂದಿನ ಮೇಜಿಗೆ ಬಂತು, ಎರಡೆರಡು ಸಲ ಬಾರಿಸುತ್ತ. ಅಜ್ಜಿ ಕಿವಿಗೊಟ್ಟು ಕೇಳಿದರು. ಆಮೇಲೆ ಗಾದಿಯ ಕಡೆ ತಿರುಗಿ ಕೂತರು.

ಯಂತ್ರದ ಬ್ಯಾಟರಿ ಸೋತಿತ್ತೇ, ಒಳಗೆ ಎಲ್ಲೋ ತಂತಿಗೆ ತಂತಿ ತಾಗಿತ್ತೇ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ್ದೇನೆ. ನನಗೇ ಒಪ್ಪಿಗೆಯಾಗುವ ಕಾರಣ ಇನ್ನೂ ಸಿಕ್ಕಿಲ್ಲ.